ಲೋಕ ಮಗುಚುವವರು ಯಾರು?

ಲಾ ಪಾಸ್ ನಗರದ ಮುರಿಯೊ ಚೌಕದಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಸಂಸತ್ ಭವನ ಇದೆ. ಅದರ ನೆತ್ತಿಯಲ್ಲೊಂದು ದೊಡ್ಡ ಗಡಿಯಾರ. ಅದರ ಮುಳ್ಳುಗಳು ಎಡಕ್ಕೆ ಓಡುತ್ತವೆ. ಹನ್ನೆರಡರ ಎಡಗಡೆಗೆ ಒಂದು, ಬಲಗಡೆಗೆ ಹನ್ನೊಂದು. 2014ರ ಜೂನ್‌ನಲ್ಲಿ ಸರ್ಕಾರವೇ ಇದನ್ನು ಹೀಗೆ ತಿರುಗಿಸಿತು. ಆಗಿನ ವಿದೇಶಾಂಗ ಸಚಿವ ಡೇವಿಡ್ ಚೊಕೆವಾಂಕಾ ಇದಕ್ಕೆ 'ದಕ್ಷಿಣದ ಗಡಿಯಾರ' ಅಂತ ಹೆಸರಿಟ್ಟರು. ಭೂಮಿಯ ದಕ್ಷಿಣಾರ್ಧದಲ್ಲಿ ನೆರಳುಗಡಿಯಾರದ ನೆರಳು ಹೀಗೇ ತಿರುಗುತ್ತದೆ. ಉತ್ತರದವರು ತಮ್ಮ ನೆರಳು ನೋಡಿ ಮಾಡಿಕೊಂಡ ಗಡಿಯಾರಕ್ಕೆ ನಾವೇಕೆ ತಲೆಬಾಗಬೇಕು ಅನ್ನುವುದು ಅವರ ವಾದ. ನಾನು ಕೆಲವು ವರ್ಷಗಳ ಹಿಂದೆ ಆ ಚೌಕದಲ್ಲಿ, ಪಾರಿವಾಳಗಳ ಗದ್ದಲದ ನಡುವೆ ಕೂತು ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಬೂಟ್ ಪಾಲಿಶ್ ಮಾಡುವ ಹುಡುಗನೊಬ್ಬ. ಆ ಊರಲ್ಲಿ ಈ ಕೆಲಸ ಮಾಡುವ ತುಂಬಾ ಜನ ಮುಖ ಪೂರ್ತಿ ಮುಚ್ಚುವ ಮಂಕಿಕ್ಯಾಪ್ ಹಾಕಿಕೊಂಡಿರುತ್ತಾರೆ. ಇವನದೂ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಗಡಿಯಾರದ ಕಡೆ ಕೈ ತೋರಿಸಿ ಏನೋ ಕೇಳಿದೆ. ಅವನು ಅದರ ಬಗ್ಗೆ ಏನೂ ಹೇಳಲಿಲ್ಲ. "ನಮ್ಮಜ್ಜಿ ಚಿಕ್ಕವಳಿದ್ದಾಗ ಈ ಚೌಕಕ್ಕೆ ಕಾಲಿಡೋ ಹಾಗಿರಲಿಲ್ಲ" ಅಂದ. ಬ್ರಷ್ ನಿಲ್ಲಲಿಲ್ಲ.

ಅದು ನಿಜ. 1952ರ ಕ್ರಾಂತಿಗೆ ಮುಂಚೆ ಮೂಲನಿವಾಸಿಗಳು ಈ ಚೌಕದಲ್ಲಿ ಓಡಾಡುವಂತಿರಲಿಲ್ಲ. ಹಾಗಾಗಿ ಆ ಕಟ್ಟಡದ ಮೇಲೆ ಒಂದು ಗಡಿಯಾರ ತಿರುಗುಮುರುಗಾಗಿ ಓಡುವುದನ್ನು ನೋಡಿದರೆ ನನಗೆ ಸಂತೋಷವೇ ಆಗಬೇಕಿತ್ತು. ಆಯಿತು ಕೂಡ. ಆದರೆ ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು. ಇದನ್ನು ತಿರುಗಿಸಿದ್ದು ಸರ್ಕಾರ. ಅಧಿಕಾರದಲ್ಲಿ ಕೂತವರೇ ಲೋಕ ಮಗುಚಿತು ಅಂತ ಸಾರಬಹುದಾ? ಆಗ ಮಗುಚಿದ್ದು ಯಾರು, ಮಗುಚಿಕೊಂಡಿದ್ದು ಯಾರು? ಅಲ್ಲಿಂದೀಚೆಗೆ ಬೊಲಿವಿಯಾದ ಯಾವ ಸುದ್ದಿ ಓದಿದರೂ ನಾನು ಇದನ್ನೇ ಕೇಳಿಕೊಳ್ಳುತ್ತೇನೆ.

ಪಚಕುತಿ

ಲೋಕ ಹೀಗೆ ಮಗುಚುವುದನ್ನು ಆಂಡಿಸ್ ಪರ್ವತಗಳ ಮೂಲನಿವಾಸಿಗಳಾದ ಕೆಚುವಾ ಮತ್ತು ಅಯ್ಮಾರ ಜನ ಪಚಕುತಿ ಅನ್ನುತ್ತಾರೆ. ಪಚ ಅಂದರೆ ನೆಲ, ಕಾಲ ಎರಡೂ. ಆ ನೆಲ ಮತ್ತು ಕಾಲ ಒಟ್ಟಿಗೇ ತಿರುಗಿ ಬೀಳುವ ಗಳಿಗೆ ಪಚಕುತಿ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ನಮಗೆ ಇದನ್ನು ಕೇಳಿದ ಕೂಡಲೇ ಯುಗಗಳ ಲೆಕ್ಕ ನೆನಪಾಗುತ್ತದೆ. ಆದರೆ ಕಲಿಯುಗಕ್ಕೆ 4,32,000 ವರ್ಷ. ಅದು ಮುಗಿಯಲಿ ಅಂತ ಯಾರೂ ಕಾಯುತ್ತ ಕೂರಲಾರರು. ಪಚಕುತಿ ಒಬ್ಬರ ಆಯುಷ್ಯದೊಳಗೇ ಬಂದುಬಿಡಬಹುದು. ಎರಡು ಸಲವೂ ಬರಬಹುದು.

ಅದು ಒಳ್ಳೆಯದೇ ಆಗಿರಬೇಕು ಅಂತಲೂ ಇಲ್ಲ. ಈ ಹೆಸರನ್ನು ಮೊದಲು ರಾಜಕೀಯಕ್ಕೆ ತಂದವನು ಒಬ್ಬ ಅರಸ. 1438ರ ಸುಮಾರಿಗೆ ಚಂಕಾ ಅನ್ನುವ ಜನರ ಪಡೆ ಪೆರುವಿನಲ್ಲಿದ್ದ ಇಂಕಾಗಳ ರಾಜಧಾನಿ ಕುಸ್ಕೊ ಮೇಲೆ ಏರಿ ಬಂತು. ಮುದಿ ಅರಸ ವಿರಾಕೊಚಾ ಊರು ಬಿಟ್ಟು ಹೋದ. ಅವನ ಮಗ ಕುಸಿ ಯುಪಾಂಕಿ ನಿಂತು ಕಾದಿ ಗೆದ್ದ, ಪಟ್ಟಕ್ಕೆ ಬಂದ, ತನ್ನ ಹೆಸರನ್ನೇ ಪಚಕುತಿ ಅಂತ ಮಾಡಿಕೊಂಡ. ಚರಿತ್ರೆ ಬರೆದವರು ಹೇಳುವ ಕತೆ ಇದು. ಒಂದು ಕಣಿವೆಯ ರಾಜ್ಯವಾಗಿದ್ದ ಇಂಕಾಗಳು ಸಾಮ್ರಾಜ್ಯ ಕಟ್ಟಲು ಹೊರಟಿದ್ದು ಇವನಿಂದ. ಮಾಚು ಪಿಚು ಇವನದೇ ಆಸ್ತಿಯಾಗಿತ್ತು ಅನ್ನುತ್ತಾರೆ. ಕುಸ್ಕೊಗೆ ಇದು ಹೊಸ ಹುಟ್ಟು, ಚಂಕಾಗಳಿಗೆ ಸರ್ವನಾಶ. ಎರಡೂ ಒಂದೇ ಪಚಕುತಿ. ನೂರು ವರ್ಷ ಕಳೆಯುವುದರೊಳಗೆ ಸ್ಪೇನಿನವರು ಬಂದರು. 1533ರಲ್ಲಿ ಕಹಮಾರ್ಕದಲ್ಲಿ ಇಂಕಾ ಅರಸ ಅತಹುವಾಲ್ಪನ ಕತ್ತು ಬಿಗಿದು ಕೊಂದರು. ಅದೂ ಪಚಕುತಿಯೇ. ಈ ಸಲ ಮಗುಚಿಕೊಂಡವರು ಇಂಕಾಗಳು.

ಈಗಿನ ಭಾಷಣಗಳಲ್ಲಿ ಈ ಎರಡನೇ ಮುಖ ಕಾಣುವುದೇ ಇಲ್ಲ. ಪಚಕುತಿ ಅಂದರೆ ಬೆಳಕು, ಮರಳಿ ಬರುವ ಒಳ್ಳೆಯ ದಿನ, ಅಷ್ಟೇ. ಅಯ್ಮಾರ ಬದುಕನ್ನು ಬಹಳ ಹತ್ತಿರದಿಂದ ಕಂಡ ಬೊಲಿವಿಯಾದ ಸಮಾಜಶಾಸ್ತ್ರಜ್ಞೆ ಸಿಲ್ವಿಯಾ ರಿವೆರಾ ಕುಸಿಕಾಂಕಿ ಇದನ್ನು ಬಿಡದೆ ನೆನಪಿಸುತ್ತಾರೆ. ಪಚಕುತಿ ನವೀಕರಣ ಆಗಬಹುದು, ದುರಂತವೂ ಆಗಬಹುದು ಅನ್ನುತ್ತಾರೆ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ಭಯ ತೆಗೆದುಹಾಕಿದ ಪಚಕುತಿ ಬರೀ ಚುನಾವಣಾ ಘೋಷಣೆಯಾಗಿಬಿಡುತ್ತದೆ.

ದೊರೆಗೆ ಬರೆದ ಕಾಗದ

ಇದನ್ನು ಅತಿ ಚೆನ್ನಾಗಿ ಕಂಡವನು ಗ್ವಾಮಾನ್ ಪೋಮ. ಪೆರುವಿನ ಮೂಲನಿವಾಸಿ, ಕ್ರೈಸ್ತ, ಸ್ಪ್ಯಾನಿಷ್ ಕಲಿತವನು. 1615ರ ಹೊತ್ತಿಗೆ ಸ್ಪೇನಿನ ದೊರೆ ಮೂರನೇ ಫಿಲಿಪನಿಗೆ ಒಂದು ಕಾಗದ ಬರೆದು ಮುಗಿಸಿದ. ಕಾಗದ ಅಂದರೆ ಹತ್ತಿರ ಹತ್ತಿರ 1,200 ಪುಟ. ಅದರಲ್ಲಿ ಸುಮಾರು 400 ಚಿತ್ರಗಳು, ಎಲ್ಲ ಅವನೇ ಬರೆದದ್ದು. ಲೋಕ ತಲೆಕೆಳಗಾಗಿದೆ, ಇದಕ್ಕೆ ಪರಿಹಾರವೇ ಕಾಣುವುದಿಲ್ಲ ಅಂತ ಮತ್ತೆ ಮತ್ತೆ ಹಲುಬುತ್ತಾನೆ. ಭೂಕಂಪ, ಕ್ಷಾಮ, ಪಿಡುಗು, ಬೆಟ್ಟ ಸಿಡಿದು ಬೂದಿ ಸುರಿದದ್ದು, ಇವೆಲ್ಲ ಅವನಿಗೆ ಪಚಕುತಿ. ಆ ಹಸ್ತಪ್ರತಿ 1908ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಲೈಬ್ರರಿಯಲ್ಲಿ ಒಬ್ಬ ಜರ್ಮನ್ ವಿದ್ವಾಂಸರ ಕಣ್ಣಿಗೆ ಬಿತ್ತು. ಈಗ ಆ ಲೈಬ್ರರಿಯವರು ಎಲ್ಲ ಪುಟಗಳನ್ನೂ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರೆ. ಯಾರು ಬೇಕಾದರೂ ನೋಡಬಹುದು. ದಯವಿಟ್ಟು ನೋಡಿ.

ನಾನು ಜಾಸ್ತಿ ಹೊತ್ತು ಕಳೆದಿದ್ದು ಎರಡು ಚಿತ್ರಗಳ ಮುಂದೆ. ಒಂದರಲ್ಲಿ ಇಡೀ ಲೋಕವನ್ನು ಎರಡು ಅಂತಸ್ತಾಗಿ ಬರೆದಿದ್ದಾನೆ. ಮೇಲಿನದು ಪೆರು. ನಡುವೆ ಕುಸ್ಕೊ, ಸುತ್ತ ನಾಲ್ಕು ಸೀಮೆ, ಬೆಟ್ಟಗಳ ಮೇಲೆ ಸೂರ್ಯ. ಅದರ ಅಡಿಯಲ್ಲಿ ಸ್ಪೇನಿನ ಕಾಸ್ತೀಲ್ಯ. ದೊರೆಗೆ ಕಳಿಸುವ ಕಾಗದದಲ್ಲೇ ದೊರೆಯ ಊರನ್ನು ಕೆಳಗೆ ಬರೆದಿದ್ದಾನೆ! ಅದಕ್ಕೆ ಎಷ್ಟು ಎದೆಗಾರಿಕೆ ಬೇಕು ಯೋಚಿಸಿ. ಹಾಗಂತ ಅದರಲ್ಲಿ ಸಿಟ್ಟು ಕಾಣುವುದಿಲ್ಲ. ಇದು ಹೀಗೇ ಇರುವುದು ಅನ್ನುವ ಹಾಗೆ, ಒಂದೊಂದು ಮನೆಯ ಮಾಡನ್ನೂ ಬಿಡಿಸಿ ಬರೆದಿದ್ದಾನೆ.

ಇನ್ನೊಂದು ಆಗಸ್ಟ್ ತಿಂಗಳ ಚಿತ್ರ, ಉಳುಮೆಯದು. ಆ ಎತ್ತರದಲ್ಲಿ ಎತ್ತಿನ ನೇಗಿಲಿಗಿಂತ ಹಳೆಯದು ಚಕಿತಕ್ಲ್ಯಾ ಅನ್ನುವ ಕಾಲುನೇಗಿಲು. ಆಳೆತ್ತರದ ಗಳ, ತುದಿಗೆ ಕುಳ, ಅದರ ಮೇಲೆ ಕಾಲಿಟ್ಟು ತುಳಿಯಲು ಒಂದು ಮೆಟ್ಟು. ಗಂಡಸರು ಸಾಲಾಗಿ ನಿಂತು ಒಟ್ಟಿಗೇ ತುಳಿಯುತ್ತಾರೆ, ಗಳ ಹಿಂದಕ್ಕೆ ಬಗ್ಗಿಸಿ ಮಣ್ಣು ಎಬ್ಬುತ್ತಾರೆ. ಎದುರಿಗೆ ಹೆಂಗಸರು ಬಾಗಿ ಕೂತಿದ್ದಾರೆ. ಎದ್ದ ಹೆಂಟೆಯನ್ನು ಕೈಯಿಂದ ಮಗುಚುವುದು ಅವರ ಪಾಲಿನ ಕೆಲಸ. ಒಬ್ಬಳು ಕುಡಿಯಲು ಚಿಚಾ, ಅಂದರೆ ಮೆಕ್ಕೆಜೋಳದ ಹೆಂಡ, ತರುತ್ತಿದ್ದಾಳೆ. ಈಗಲೂ ಕೆಲವು ಕಡೆ ಆಲೂಗಡ್ಡೆಗೆ ಹೀಗೇ ಉಳುತ್ತಾರೆ. ಪಚಕುತಿಯನ್ನು ನಾನು ಅರ್ಥ ಮಾಡಿಕೊಂಡಿದ್ದು ಈ ಚಿತ್ರದಿಂದ. ಮಣ್ಣು ತಾನಾಗಿ ಮಗುಚಿಕೊಳ್ಳುವುದಿಲ್ಲ, ಒಬ್ಬರಿಂದಲೂ ಆಗುವುದಿಲ್ಲ, ಒಂದು ವರ್ಷ ಮಗುಚಿದರೆ ಮುಗಿಯುವುದೂ ಇಲ್ಲ. ಮುಂದಿನ ಆಗಸ್ಟಿಗೆ ಅದೇ ನೆಲ ಮತ್ತೆ ಗಟ್ಟಿಯಾಗಿರುತ್ತದೆ.

ರಸ್ತೆಗೆ ಬಿದ್ದ ಕಲ್ಲು

1781ರಲ್ಲಿ ತುಪಾಕ್ ಕತಾರಿ ಅನ್ನುವ ಅಯ್ಮಾರ ನಾಯಕ, ಅವನ ಹೆಂಡತಿ ಬಾರ್ತೊಲಿನಾ ಸಿಸಾ ಮತ್ತು ಸಾವಿರಾರು ರೈತರು ಲಾ ಪಾಸ್ ನಗರವನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಸೋತರು. ನವೆಂಬರ್‌ನಲ್ಲಿ ಕತಾರಿಯ ಕೈಕಾಲುಗಳನ್ನು ನಾಲ್ಕು ಕುದುರೆಗಳಿಗೆ ಕಟ್ಟಿ ಎಳೆಸಿ ಕೊಂದರು. ಸಿಸಾಳನ್ನು ಮರುವರ್ಷ ಕೊಂದರು. ನಾನು ಮರಳಿ ಬರುತ್ತೇನೆ, ಲಕ್ಷ ಲಕ್ಷ ಜನರಾಗಿ ಬರುತ್ತೇನೆ ಅಂತ ಕತಾರಿ ಸಾಯುವಾಗ ಹೇಳಿದನೆಂದು ಇಂದಿಗೂ ಜನ ನಂಬುತ್ತಾರೆ. ಬಟ್ಟೆ ಮೇಲೆ, ಗೋಡೆ ಮೇಲೆ, ಎಲ್ಲೆಲ್ಲೂ ಆ ಮಾತಿದೆ.

ಅದನ್ನು ಅಕ್ಷರಶಃ ಎತ್ತಿಕೊಂಡವರು ಫೆಲಿಪೆ ಕಿಸ್ಪೆ. ಟಿಟಿಕಾಕಾ ಸರೋವರದ ಕಡೆಯ ಹಳ್ಳಿಯವರು, ಜನ ಕರೆಯುತ್ತಿದ್ದುದು 'ಮಾಯ್ಕು' ಅಂತ, ಅಂದರೆ ಊರ ಯಜಮಾನ. 1990ರ ಸುಮಾರಿಗೆ ಕತಾರಿ ಹೆಸರಿನ ಗೆರಿಲ್ಲಾ ಪಡೆ ಕಟ್ಟಿದರು. 1992ರಲ್ಲಿ ಸೆರೆ ಸಿಕ್ಕರು. ಯಾಕೆ ಇದಕ್ಕೆಲ್ಲ ಇಳಿದಿರಿ ಅಂತ ಒಬ್ಬ ಪತ್ರಕರ್ತೆ ಕೇಳಿದಾಗ, ನನ್ನ ಮಗಳು ನಿಮ್ಮ ಮನೆಗೆಲಸದವಳಾಗಬಾರದು ಅನ್ನುವ ಕಾರಣಕ್ಕೆ ಅಂದರು. ಬೊಲಿವಿಯಾದಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. ನನಗೆ ಬಂದೂಕಿನ ದಾರಿ ಒಪ್ಪಿಗೆ ಇಲ್ಲ. ಆದರೆ ಆ ಉತ್ತರದಲ್ಲಿ ಪಚಕುತಿಯ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಿಗಿಂತ ಜಾಸ್ತಿ ಇದೆ.

ಜೈಲಿನಿಂದ ಬಂದ ಮೇಲೆ ಕಿಸ್ಪೆ ರೈತ ಸಂಘಟನೆಯ ಮುಖ್ಯಸ್ಥರಾದರು. 2000ನೇ ಇಸವಿಯಲ್ಲಿ ಅವರ ಜನ ಎತ್ತರದ ಬಯಲಿನ ರಸ್ತೆಗಳನ್ನು ಮುಚ್ಚಿದ ರೀತಿ ನೋಡಬೇಕು. ಅದಕ್ಕೆ 'ಚಿಗಟ ಯೋಜನೆ' ಅಂತ ಹೆಸರು. ರಾತ್ರಿ ಬಂದು ಕಿಲೋಮೀಟರುಗಟ್ಟಲೆ ಕಲ್ಲು ಹರಡುವುದು, ಸೈನ್ಯ ಬಂದಾಗ ಮಾಯವಾಗುವುದು, ಇನ್ನೊಂದು ಕಡೆ ಏಳುವುದು. ಊರೂರಿಗೆ ಸರದಿ ಇತ್ತು. ಹೊಲದ ಕೆಲಸಕ್ಕೆ, ಊರಿನ ಹಬ್ಬಕ್ಕೆ ಹೇಗೆ ಸರದಿ ಮೇಲೆ ಜನ ಬರುತ್ತಾರೋ ಇಲ್ಲಿಗೂ ಹಾಗೇ. ಒಂದು ಊರಿನವರು ಹೋದರೆ ಮತ್ತೊಂದು ಊರಿನವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ತಂದದ್ದನ್ನೆಲ್ಲ ಒಂದೇ ಬಟ್ಟೆ ಮೇಲೆ ಸುರಿದು ಹಂಚಿ ತಿನ್ನುವುದು ಅಲ್ಲಿನ ಪದ್ಧತಿ. ನಗರದವರಿಗೆ 1781 ನೆನಪಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಕಿಸ್ಪೆ ಒಂದು ಪಕ್ಷ ಕಟ್ಟಿದರು. ಹೆಸರು ಪಚಕುತಿ ಮೂಲನಿವಾಸಿ ಚಳವಳಿ. 2002ರಲ್ಲಿ 6 ಸೀಟು ಬಂತು. 2005ರಲ್ಲಿ ಓಟು ಎಷ್ಟು ಕಡಿಮೆಯಾಯಿತೆಂದರೆ ಪಕ್ಷದ ನೋಂದಣಿಯೇ ಹೋಯಿತು. ನಡುವೆ 2003ರ ಅಕ್ಟೋಬರ್‌ನಲ್ಲಿ, ದೇಶದ ನೈಸರ್ಗಿಕ ಅನಿಲವನ್ನು ಹೊರಗೆ ಮಾರುವುದನ್ನು ವಿರೋಧಿಸಿ ಲಾ ಪಾಸ್ ಪಕ್ಕದ ಎಲ್ ಆಲ್ತೊ ನಗರ ಎದ್ದು ನಿಂತು ಒಬ್ಬ ಅಧ್ಯಕ್ಷನನ್ನೇ ಓಡಿಸಿತ್ತು. ಗೋಲಿಬಾರಿನಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಬಾಗಿಲು ಮುರಿದವರು ಇವರು. ಒಳಗೆ ಹೋದವರು ಬೇರೆ.

ಇನ್ನೂ 500 ವರ್ಷ

ಒಳಗೆ ಹೋದವರು ಅಯ್ಮಾರ ಜನರ ನಡುವಿನಿಂದ ಬಂದ ಇವೊ ಮೊರಾಲೆಸ್. 2005ರ ಡಿಸೆಂಬರ್ ಚುನಾವಣೆಯಲ್ಲಿ ಶೇ. 54ರಷ್ಟು ಓಟು ಪಡೆದು ಅಧ್ಯಕ್ಷರಾದರು. 2006ರ ಜನವರಿ 21ರಂದು, ಸಂಸತ್ತಿನಲ್ಲಿ ಪ್ರಮಾಣ ಮಾಡುವ ಹಿಂದಿನ ದಿನ, ತಿವಾನಾಕು ಪಾಳುನಗರದಲ್ಲಿ ಕೆಂಪು ಅಂಗಿ ತೊಟ್ಟು ಹಿರಿಯರ ಕೈಯಿಂದ ದಂಡ ಪಡೆದರು. ಆ ದಿನವನ್ನು ನಾನು ಹಗುರ ಮಾಡಲಾರೆ. ಚೌಕಕ್ಕೆ ಕಾಲಿಡಲಾಗದ ಜನರ ಮಗ ಅದೇ ಚೌಕದ ಅರಮನೆಗೆ ಹೊರಟಿದ್ದ. ಮುಂದೆ 2009ರ ಸಂವಿಧಾನ ಬಂತು. ಸ್ಪ್ಯಾನಿಷ್ ಜೊತೆ 36 ಮೂಲನಿವಾಸಿ ಭಾಷೆಗಳು ಆಡಳಿತ ಭಾಷೆಗಳಾದವು. ಏಳು ಬಣ್ಣದ ಚೌಕಗಳ, ಮೂಲನಿವಾಸಿಗಳ ವಿಪಾಲಾ ಬಾವುಟ ರಾಷ್ಟ್ರದ ಲಾಂಛನವಾಯಿತು. ಜೂನ್ 21ರ ಅಯ್ಮಾರ ಹೊಸ ವರ್ಷಕ್ಕೆ ರಜೆ ಸಿಕ್ಕಿತು. ಆ ವರ್ಷಗಳ ಲೆಕ್ಕವನ್ನು ಹೀಗೆ ಹಾಕುತ್ತಾರೆ: ಹಿಂದಿನ 5,000 ವರ್ಷಕ್ಕೆ 1492ರಿಂದ ಈಚಿನ ವರ್ಷಗಳನ್ನು ಸೇರಿಸಬೇಕು. 1992ಕ್ಕೆ 5500, 2025ಕ್ಕೆ 5533. ಈ ಲೆಕ್ಕ, ಈ ಆಚರಣೆ ಎಲ್ಲ ಇತ್ತೀಚೆಗೆ ಕಟ್ಟಿದ್ದು ಅಂತ ಮೂಗು ಮುರಿಯುವವರಿದ್ದಾರೆ. ಇತ್ತೀಚಿನದು ಹೌದು. ಆದರೆ ಬೇರೆಯವರು ಕೊಟ್ಟ ವರ್ಷ ಎಣಿಸಿ ಸಾಕಾದ ಜನ ತಮ್ಮದೇ ಒಂದನ್ನು ಮಾಡಿಕೊಂಡರೆ ಅದರಲ್ಲಿ ಸುಳ್ಳೇನಿದೆ?

ನನ್ನ ತಕರಾರು ಬೇರೆ ಕಡೆ. ಪ್ರಮಾಣವಚನದ ಭಾಷಣದಲ್ಲೇ ಮೊರಾಲೆಸ್ ಒಂದು ಮಾತು ಹೇಳಿದರು. 500 ವರ್ಷ ಪ್ರತಿರೋಧ ಮಾಡಿದ್ದು ಸಾಕು, ಇನ್ನು 500 ವರ್ಷಕ್ಕೆ ಅಧಿಕಾರ ಹಿಡಿಯುತ್ತೇವೆ ಅನ್ನುವ ಅರ್ಥದ್ದು. ಕೇಳಲು ಮೈ ಜುಮ್ಮೆನ್ನುತ್ತದೆ. ಆದರೆ ಪಚಕುತಿಯನ್ನು ನಂಬುವವರು ಈ ಮಾತು ಹೇಳುವುದು ಹೇಗೆ? ಲೋಕ ಮಗುಚುತ್ತಲೇ ಇರುತ್ತದೆ ಅನ್ನುವ ಜನರ ಪ್ರತಿನಿಧಿ, ನಾನು ಬಂದ ಮೇಲೆ ಇನ್ನು ಮಗುಚುವುದಿಲ್ಲ ಅಂದ ಹಾಗಾಯಿತು ಅಲ್ವಾ? 2012ರ ಡಿಸೆಂಬರ್ 21ರಂದು ಟಿಟಿಕಾಕಾದ ಸೂರ್ಯದ್ವೀಪದಲ್ಲಿ ದೊಡ್ಡ ಸಮಾರಂಭ ಮಾಡಿ ಪಚಕುತಿ ಕಾಲ ಶುರುವಾಯಿತು ಅಂತ ಸಾರಿದರು. ಅಷ್ಟು ಹೊತ್ತಿಗೆ ಅದೇ ಸರ್ಕಾರದ ಬೂಟಿನಡಿ ಸಿಕ್ಕ ಮೂಲನಿವಾಸಿಗಳು ಇದ್ದರು.

ಚಪಾರೀನಾ

ಬೊಲಿವಿಯಾ ಅಂದರೆ ಬರೀ ಬೆಟ್ಟ ಅಲ್ಲ. ಪೂರ್ವಕ್ಕೆ ಇಳಿದರೆ ಅಮೆಜಾನ್ ಕಾಡು. ಅಲ್ಲಿನ ಮೊಹೆನ್ಯೊ, ಯುರಕಾರೆ, ಚಿಮಾನೆ ಜನರಿಗೆ ಪಚಕುತಿ ಅನ್ನುವುದು ತಮ್ಮ ಮಾತೇ ಅಲ್ಲ. ಮೊಹೆನ್ಯೊಗಳಿಗೆ ತಮ್ಮದೇ ಒಂದು ಹಂಬಲವಿದೆ: ಲೋಮಾ ಸಾಂತಾ, ಪುಣ್ಯದ ದಿಬ್ಬ. ರಬ್ಬರ್ ವ್ಯಾಪಾರಿಗಳ, ದನದ ಸಾಹುಕಾರರ ಕಾಟವಿಲ್ಲದ ಒಂದು ಜಾಗ. 1880ರ ದಶಕದಿಂದ ಅದನ್ನು ಹುಡುಕುತ್ತ ಕುಟುಂಬಗಳು ಕಾಡೊಳಗೆ ಹೊರಟವು. ಹಾಗೆ ಹುಡುಕಿ ನೆಲೆ ನಿಂತ ಕಾಡುಗಳಲ್ಲಿ ಒಂದು ಟಿಪ್ನಿಸ್ ಅಂತ ಚಿಕ್ಕದಾಗಿ ಕರೆಯುವ ಇಸಿಬೊರೊ ಸೆಕುರೆ. 1990ರಲ್ಲಿ ಅವರು ತಗ್ಗಿನ ತ್ರಿನಿದಾದ್‌ನಿಂದ ಲಾ ಪಾಸ್‌ವರೆಗೆ ನಡೆದು ಬಂದು ಆ ನೆಲದ ಹಕ್ಕು ಪಡೆದರು. ಆಗ ಲಾ ಕುಂಬ್ರೆ ಅನ್ನುವ ಘಟ್ಟದ ನೆತ್ತಿಯಲ್ಲಿ ಅಯ್ಮಾರ ಜನ ಅವರನ್ನು ಎದುರುಗೊಂಡು ಅಪ್ಪಿಕೊಂಡರು. ಬೆಟ್ಟದವರೂ ಕಾಡಿನವರೂ ಹಾಗೆ ಸೇರಿದ್ದು ದೊಡ್ಡ ವಿಷಯ.

2011ರಲ್ಲಿ ಮೊರಾಲೆಸ್ ಸರ್ಕಾರ ಅದೇ ಕಾಡಿನ ನಡುವೆ ಹೆದ್ದಾರಿ ಹಾಕಲು ಹೊರಟಿತು. ಬ್ರೆಜಿಲ್‌ನ ಸಾಲ. ಕಾಡಿನ ಜನರನ್ನು ಮೊದಲೇ ಕೇಳಬೇಕು ಅಂತ ಅವರದೇ ಸಂವಿಧಾನ ಹೇಳುತ್ತದೆ. ಕೇಳಲಿಲ್ಲ. ಜನ ಮತ್ತೆ ನಡೆದರು. ಸೆಪ್ಟೆಂಬರ್ 25ರಂದು ಚಪಾರೀನಾ ಅನ್ನುವಲ್ಲಿ ಪೊಲೀಸರು ಅವರ ಬಿಡಾರದ ಮೇಲೆ ಬಿದ್ದರು. ಅಶ್ರುವಾಯು, ಲಾಠಿ. ಕೈ ಕಟ್ಟಿ, ಬಾಯಿಗೆ ಟೇಪ್ ಅಂಟಿಸಿ ಬಸ್ಸಿಗೆ ತುಂಬಿದರು. ಮಕ್ಕಳು ಕಾಡೊಳಗೆ ಓಡಿ ಚೆದುರಿಹೋದರು. ಬಂಧಿತರನ್ನು ವಿಮಾನದಲ್ಲಿ ಸಾಗಿಸಲು ನೋಡಿದಾಗ ರುರೆನಬಾಕೆ ಊರಿನವರು ರನ್‌ವೇಗೆ ನುಗ್ಗಿ ಬಿಡಿಸಿಕೊಂಡರು. ರಕ್ಷಣಾ ಸಚಿವೆ ಸೆಸಿಲಿಯಾ ಚಾಕೊನ್ ಇದನ್ನು ಒಪ್ಪಲಾರೆ ಅಂತ ರಾಜೀನಾಮೆ ಕೊಟ್ಟರು. ಅಕ್ಟೋಬರ್ 19ಕ್ಕೆ ಮೆರವಣಿಗೆ ಲಾ ಪಾಸ್ ಮುಟ್ಟಿದಾಗ ಇಡೀ ನಗರ ಬೀದಿಗಿಳಿದು ಬರಮಾಡಿಕೊಂಡಿತು. ಕಾಡಿನ ರಕ್ಷಣೆಗೆ ಕಾನೂನೂ ಆಯಿತು. 2017ರಲ್ಲಿ ಅದೇ ಸರ್ಕಾರ ಆ ಕಾನೂನನ್ನು ತೆಗೆದುಹಾಕಿತು.

ಬಾಯಿಗೆ ಅಂಟಿಸಿದ ಆ ಟೇಪ್ ನನಗೆ ಮರೆಯಲು ಆಗುವುದಿಲ್ಲ. ಅಧಿಕಾರಕ್ಕೆ ಬಂದ ಪಚಕುತಿಗೆ ಕೆಳಗಿನಿಂದ ಇನ್ನೊಂದು ಪಚಕುತಿ ಬರಬಹುದು ಅನ್ನುವುದೇ ಮರೆತುಹೋಗಿತ್ತು. ಇದು ಬೊಲಿವಿಯಾದ ಕತೆ ಮಾತ್ರವೂ ಅಲ್ಲ. ಪೆರುವಿನ ಅಧ್ಯಕ್ಷರಾದ ಅಲೆಹಾಂದ್ರೊ ತೊಲೆದೊ 2001ರಲ್ಲಿ ಮಾಚು ಪಿಚುವಿನಲ್ಲಿ ಪಟ್ಟಾಭಿಷೇಕದಂಥ ಸಮಾರಂಭ ಮಾಡಿಸಿಕೊಂಡರು. ಹೊಸ ಪಚಕುತಿ ಅನ್ನಿಸಿಕೊಂಡರು. 2024ರಲ್ಲಿ ಅವರಿಗೆ ಲಂಚದ ಪ್ರಕರಣದಲ್ಲಿ 20 ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆಯಾಯಿತು. ಈಕ್ವಡಾರ್‌ನಲ್ಲಿ ಪಚಕುತಿಕ್ ಅನ್ನುವ ಪಕ್ಷವೇ ಇದೆ. ಅದರವರು 2003ರಲ್ಲಿ ಅಧ್ಯಕ್ಷ ಲೂಸಿಯೊ ಗುಟಿಯೆರೆಸ್ ಸರ್ಕಾರ ಸೇರಿ, ಆತ ಮಾತು ತಪ್ಪಿದಾಗ ಕೆಲವೇ ತಿಂಗಳಲ್ಲಿ ಹೊರಗೆ ಬಂದರು. ಹೊರಗೆ ಬಂದರಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿ.

ತೋಳಿನ ಮೇಲಿನ ಬಾವುಟ

2016ರ ಜನಮತದಲ್ಲಿ ಮೊರಾಲೆಸ್ ಮತ್ತೆ ಸ್ಪರ್ಧಿಸುವುದು ಬೇಡ ಅಂತ ಜನ ಹೇಳಿದ್ದರು. ಕೋರ್ಟಿನ ದಾರಿಯಿಂದ ಅವರು ಮತ್ತೆ ನಿಂತರು. 2019ರ ನವೆಂಬರ್ 10ರಂದು ರಾಜೀನಾಮೆ ಕೊಟ್ಟು ದೇಶ ಬಿಡಬೇಕಾಯಿತು. ಆ ದಿನಗಳ ಒಂದು ವಿಡಿಯೋ ರಾತ್ರಿ ನನ್ನ ಮೊಬೈಲಿಗೆ ಬಂತು. ಕೆಲವೇ ಸೆಕೆಂಡುಗಳದ್ದು. ಪೊಲೀಸ್ ಒಬ್ಬ ತೋಳು ಚಾಚಿದ್ದಾನೆ. ಇನ್ನೊಬ್ಬ ಕತ್ತರಿಯಿಂದ ಅವನ ಸಮವಸ್ತ್ರಕ್ಕೆ ಹೊಲಿದ ವಿಪಾಲಾವನ್ನು ಬಿಡಿಸುತ್ತಿದ್ದಾನೆ. ನಿಧಾನವಾಗಿ, ಒಂದೊಂದೇ ಹೊಲಿಗೆ. ಸುತ್ತ ಇದ್ದವರು ಖುಷಿಯಿಂದ ಕೂಗುತ್ತಿದ್ದಾರೆ. ಬಟ್ಟೆಯ ಚೂರು ಕಳಚಿ ಬಂದ ಮೇಲೆ ಅದರ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಬೇರೆ ಕಡೆ ವಿಪಾಲಾ ಸುಟ್ಟರು. ಹೊಸದಾಗಿ ಅಧಿಕಾರ ಹಿಡಿದವರು ಅರಮನೆಗೆ ಬೈಬಲ್ ಮರಳಿತು ಅಂತ ಕೊಂಡಾಡಿದರು. ಸಕಾಬಾ ಮತ್ತು ಸೆಂಕಾಟಾ ಅನ್ನುವ ಕಡೆ ಪ್ರತಿಭಟಿಸುತ್ತಿದ್ದವರ ಮೇಲೆ ಗುಂಡು ಹಾರಿ ಕನಿಷ್ಠ 20 ಜನ ಸತ್ತರು. ನಾನು ಆ ವಿಡಿಯೋವನ್ನು ಎಷ್ಟೋ ಸಲ ನೋಡಿದೆ. ಮೊರಾಲೆಸ್ ಮೇಲೆ ನನಗಿದ್ದ ಸಿಟ್ಟು ಒಂದು ಕಡೆ ಇರಲಿ. ಆ ಕತ್ತರಿ ಹಿಡಿದವನಿಗೆ ಮೊರಾಲೆಸ್ ಬೇಡವಾಗಿರಲಿಲ್ಲ, ಮುರಿಯೊ ಚೌಕಕ್ಕೆ ಕಾಲಿಟ್ಟ ಜನರೇ ಬೇಡವಾಗಿದ್ದರು. ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯದೆ ಬೊಲಿವಿಯಾದ ಬಗ್ಗೆ ಮಾತಾಡುವುದು ಅನ್ಯಾಯ.

2020ರಲ್ಲಿ ಹೊಸ ಸರ್ಕಾರ ಚುನಾವಣೆಯನ್ನು ಮುಂದೂಡುತ್ತಲೇ ಹೋಯಿತು. ಆಗಸ್ಟಿನಲ್ಲಿ ಮತ್ತೆ ರಸ್ತೆಗೆ ಕಲ್ಲು ಬಿತ್ತು. ಮುಂದೆ ನಿಂತವರಲ್ಲಿ ವಯಸ್ಸು ಎಂಬತ್ತರ ಹತ್ತಿರವಾಗಿದ್ದ ಕಿಸ್ಪೆ ಇದ್ದರು. ಮೊರಾಲೆಸ್‌ರನ್ನು ವರ್ಷಗಟ್ಟಲೆ ಬೈದುಕೊಂಡೇ ಬಂದ ಮನುಷ್ಯ. ಚುನಾವಣೆ ನಡೆದರೆ ಲಾಭ ಮೊರಾಲೆಸ್ ಪಕ್ಷಕ್ಕೇ ಅಂತ ಅವರಿಗೆ ಗೊತ್ತಿತ್ತು. ಆದರೂ ರಸ್ತೆಯಲ್ಲಿ ಕೂತರು. ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು, ಆ ಪಕ್ಷ ಶೇ. 55ರಷ್ಟು ಓಟು ಪಡೆದು ಬಂತು. ಕಿಸ್ಪೆ 2021ರ ಜನವರಿಯಲ್ಲಿ ತೀರಿಕೊಂಡರು. ಆಗ ಲಾ ಪಾಸ್ ಪ್ರಾಂತದ ಗವರ್ನರ್ ಹುದ್ದೆಗೆ ನಿಂತಿದ್ದರು. ಅವರ ಜಾಗದಲ್ಲಿ ಮಗ ನಿಂತು ಗೆದ್ದ.

ಹಾಗೆ ಮರಳಿದ ಪಕ್ಷ ಒಳಜಗಳದಲ್ಲೇ ಒಡೆಯಿತು. ಡಾಲರ್ ಇಲ್ಲ, ಪೆಟ್ರೋಲಿಗೆ ಉದ್ದುದ್ದ ಸಾಲು. 2025ರ ಚುನಾವಣೆಯಲ್ಲಿ ಅದರ ಅಭ್ಯರ್ಥಿಗೆ ಸಿಕ್ಕಿದ್ದು ಶೇ. 3ರಷ್ಟು. ಅಕ್ಟೋಬರ್‌ನ ಎರಡನೇ ಸುತ್ತಿನಲ್ಲಿ ಗೆದ್ದವರು ಬೇರೆ ಪಕ್ಷದ ರೊದ್ರಿಗೊ ಪಾಸ್. ಪಚಕುತಿ ಮುಗಿಯಿತು ಅನ್ನುವವರಿಗೆ ಇದೊಂದು ಸಾಕ್ಷಿ. ನಾನು ಒಪ್ಪುವುದಿಲ್ಲ. ಈ ಸಲ ಸರ್ಕಾರವನ್ನು ಮಗುಚಿದ ಓಟುಗಳಲ್ಲಿ ದೊಡ್ಡ ಪಾಲು ಎಲ್ ಆಲ್ತೊ, ಒರುರೊ, ಪೊಟೊಸಿಯಂಥ ಎತ್ತರದ ನಾಡಿನದು. 2003ರಲ್ಲಿ ಎದ್ದ ಬೀದಿಗಳು, 2005ರಲ್ಲಿ ಮೊರಾಲೆಸ್‌ರನ್ನು ಗೆಲ್ಲಿಸಿದ ಮನೆಗಳು. ಅವರು 500 ವರ್ಷದ ಲೆಕ್ಕ ಕಾಯಲಿಲ್ಲ, ಯಾರ ಸಮಾರಂಭವನ್ನೂ ಕಾಯಲಿಲ್ಲ. ಇಪ್ಪತ್ತು ವರ್ಷಕ್ಕೆ ನೆಲ ಗಟ್ಟಿಯಾಗಿತ್ತು, ಮಗುಚಿದರು. ವಿಪಾಲಾ ಸಂವಿಧಾನದ ಆರನೇ ವಿಧಿಯಲ್ಲಿದೆ. 36 ಭಾಷೆಗಳು ಐದನೇ ವಿಧಿಯಲ್ಲಿವೆ. ಹೊಸಬರು ಇವನ್ನು ಮುಟ್ಟಲು ಹೋದರೆ ಎತ್ತರದ ಬಯಲಿನ ರಸ್ತೆಗಳಲ್ಲಿ ಏನಾಗುತ್ತದೆ ಅನ್ನುವುದು ಲಾ ಪಾಸ್‌ನಲ್ಲಿ ಎಲ್ಲರಿಗೂ ಗೊತ್ತು. ಕಿಸ್ಪೆ ಇಲ್ಲ, ಅವರ ಪಕ್ಷವೂ ಇಲ್ಲ. ಊರೂರಿನ ಸರದಿ ಇದೆ.